ಔಡಲೆಣ್ಣೆ ಕುಡಿದ ಪಿಯಾನೊ

ಕಳೆದ ವರ್ಷ ಬೇಸಿಗೆಯಲ್ಲಿ ನಾಲ್ಕು ಭಾನುವಾರ ನಾನು ಯಾದಗಿರಿಯಿಂದ ಶಹಾಪುರದ ಕಡೆಗೆ ಹೋಗಿಬಂದೆ. ವಾರವಿಡೀ ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿ, ಇರುವ ಒಂದು ರಜೆಯಲ್ಲೂ ಬಸ್ಸು ಹತ್ತುವುದೆಂದರೆ ಮೈ ಏಳುತ್ತಿರಲಿಲ್ಲ. ಆದರೆ ಹೋಗದಿದ್ದರೆ ಆಯಿಯ ಪಿಯಾನೊ ಗುಜರಿಗೆ ಹೋಗುತ್ತಿತ್ತು.

ಆಯಿ ಅಂದರೆ ಅಪ್ಪನ ತಾಯಿ. ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ತೀರಿಕೊಂಡಳು. ಹಾಸಿಗೆ ಹಿಡಿದಾಗ ಕಾಕಾನನ್ನು ಹತ್ತಿರ ಕರೆದು, ದೊಡ್ಡ ಪೇಟಿ ಈಕೆಗೆ ಸೇರಿದ್ದು ಎಂದು ನನ್ನ ಕಡೆ ಕೈ ತೋರಿಸಿದ್ದಳು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಅನ್ನುತ್ತಾರೆ. ಅದರ ಲೆಕ್ಕದಲ್ಲಿ ಪಿಯಾನೊ ನಮ್ಮ ಮನೆಯಲ್ಲಿ ದೊಡ್ಡ ಪೇಟಿಯಾಗಿತ್ತು. ಹತ್ತಿ ವ್ಯಾಪಾರದ ಮುತ್ತಜ್ಜ, ಯಾದಗಿರಿಯ ಜಿನ್ನಿಂಗ್ ಫ್ಯಾಕ್ಟರಿಯ ಮ್ಯಾನೇಜರು ಊರು ಬಿಟ್ಟು ಹೋಗುವಾಗ ಅದನ್ನು ಕೊಂಡು, ಸುತ್ತ ಹತ್ತಿ ತುಂಬಿದ ಚೀಲ ಇಟ್ಟು ಎತ್ತಿನ ಗಾಡಿಯಲ್ಲಿ ತಂದನಂತೆ. ಬಾರಿಸಲು ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ನಾನು ಅದರ ಒಂದೇ ಕೀಯನ್ನು ಮೆಲ್ಲಗೆ ಒತ್ತಿ, ದನಿ ಪೂರ್ತಿ ಆರುವ ತನಕ ಕಾಯುತ್ತಿದ್ದೆ. ಅಷ್ಟೇ ನನ್ನ ಸಂಗೀತ. ಆದರೂ ಆ ಮನೆಯಲ್ಲಿ ನನ್ನದು ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ ವಸ್ತು ಅದೊಂದೇ.

ಯಾದಗಿರಿಯ ನನ್ನ ಬಾಡಿಗೆ ಕೋಣೆ ಎರಡನೆಯ ಮಹಡಿಯಲ್ಲಿದೆ. ಮೆಟ್ಟಿಲಿನ ತಿರುವನ್ನು ಅಳೆದು ನೋಡಿದೆ; ಒಂದು ಗೇಣು ಸಾಲಲಿಲ್ಲ. ಹಾಗಾಗಿ ಪಿಯಾನೊ ಶಹಾಪುರದ ಮನೆಯ ಪಡಸಾಲೆಯಲ್ಲೇ ಇತ್ತು. ಆ ಪಡಸಾಲೆಯಲ್ಲಿ ಕಾಕಾ ಬೀಜ-ಗೊಬ್ಬರದ ಅಂಗಡಿ ತೆಗೆಯುವುದಿತ್ತು. ಬಿತ್ತನೆಗೆ ಮುಂಚೆ ಜಾಗ ಖಾಲಿಯಾಗಬೇಕಿತ್ತು. ಕಾಕಾ ಕೆಟ್ಟವನಲ್ಲ. ನನ್ನನ್ನು ಕೂರಿಸಿಕೊಂಡು ಹೇಳಿದ: "ನೀ ಓದಿದಾಕಿ. ಅದರ ವಯಸ್ಸೆಷ್ಟು, ಬೆಲಿ ಎಷ್ಟು, ತಿಳ್ಕೊಂಡು ಬಾ. ಬೆಲಿ ಇದ್ರ ಒಳಗಿನ ಖೋಲ್ಯಾಗ ಇಡಸ್ತೀನಿ. ಇಲ್ಲಂದ್ರ ಗುಜರಿಯವನಿಗಿ ಹೇಳಿಬಿಡತೀನಿ, ಆಮ್ಯಾಲ ಮಾರಿ ಸಣ್ಣದು ಮಾಡಬ್ಯಾಡ."

ಮೊದಲನೆಯ ಭಾನುವಾರ ಮುಚ್ಚಳದ ಮೇಲಿನ ಅಕ್ಷರ ಓದಲು ನೋಡಿದೆ. ವರ್ಷ ವರ್ಷ ಇಟ್ಟ ವಿಭೂತಿ ಕುಂಕುಮದ ಕೆಳಗೆ ಬಂಗಾರದ ಬಣ್ಣದ ನಾಲ್ಕು ಚುಕ್ಕೆ ಬಿಟ್ಟರೆ ಏನೂ ಉಳಿದಿರಲಿಲ್ಲ. ಎರಡನೆಯ ಭಾನುವಾರ ಮುಂದಿನ ಹಲಗೆ ಬಿಚ್ಚಿದೆ. ಒಳಗೆ ದೊಡ್ಡ ಕಬ್ಬಿಣದ ಚೌಕಟ್ಟು, ಅದಕ್ಕೆ ಬಿಗಿದ ತಂತಿಗಳು, ಎಲ್ಲದರ ಮೇಲೆ ಕಪ್ಪು ಜಿಡ್ಡು. ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಎರಡು ತಾಸು ಒರೆಸಿದ ಮೇಲೆ ಚೌಕಟ್ಟಿನ ಬಲಮೂಲೆಯಲ್ಲಿ ಕಂಪನಿಯ ಗುರುತು, ಅದರ ಕೆಳಗೆ ಐದಂಕಿಯ ಒಂದು ನಂಬರು ಕಾಣಿಸಿತು. ಕಾಕಾನ ಹೆಂಡತಿ ಕಾಕು ಚಹಾ ತಂದಿಟ್ಟು, ನನ್ನ ಕೈ ನೋಡಿ, ಗ್ಯಾರೇಜಿನಲ್ಲಿ ನೌಕರಿ ಸಿಕ್ಕಿತೇನು ಎಂದು ಕೇಳಿ ಹೋದಳು.

ಹೈದರಾಬಾದಿನಲ್ಲಿ ಪಿಯಾನೊ ಶ್ರುತಿ ಮಾಡುವ ಒಬ್ಬರ ಫೋನ್ ನಂಬರನ್ನು ಸಹೋದ್ಯೋಗಿಯೊಬ್ಬರು ಕೊಟ್ಟಿದ್ದರು. ಫೋಟೊ ಕಳಿಸಿದೆ. ಮೂರು ದಿನ ಬಿಟ್ಟು, ನಾನು ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಅವರ ಫೋನು ಬಂತು. ಅವರ ಬಳಿ ಹಳೆಯ ನಂಬರುಗಳ ಪಟ್ಟಿ ಇತ್ತು. ಪಿಯಾನೊ ನೂರು ದಾಟಿ ಹತ್ತು ಹನ್ನೆರಡು ವರ್ಷದ್ದು, ಕಂಪನಿ ಒಳ್ಳೆಯದು, ಕೊಳ್ಳುವವರು ಸಿಕ್ಕೇ ಸಿಗುತ್ತಾರೆ ಎಂದರು. ಆಮೇಲೆ ಎರಡು ಪ್ರಶ್ನೆ ಕೇಳಿದರು. ಚೌಕಟ್ಟು ಎಲ್ಲಾದರೂ ಸೀಳಿದೆಯೇ? ತಂತಿ ಸುತ್ತಿದ ಬೆಣೆಗಳು ಮರದ ಹಲಗೆಯಲ್ಲಿ ಬಿಗಿಯಾಗಿ ಕೂತಿವೆಯೇ? ಬೆಣೆ ಸಡಿಲವಾಗಿದ್ದರೆ ತಂತಿ ಬಿಗಿದಷ್ಟೂ ಜಾರುತ್ತದೆ. ಆಗ ವಯಸ್ಸು ಎಷ್ಟಾಗಿದ್ದರೂ ಬೆಲೆ ಇಲ್ಲ. ಚೌಕಟ್ಟು ಸೀಳಿಲ್ಲ ಎಂದೆ. ಬೆಣೆಯನ್ನು ಯಾರಿಂದಲಾದರೂ ತಿರುಗಿಸಿ ನೋಡಿಸಿ ಎಂದರು. ಆ ಸಂಜೆ ಅನ್ನಕ್ಕೆ ಇಟ್ಟು ಮರೆತು, ತಳ ಹೊತ್ತಿಸಿದೆ. ಬಹಳ ದಿನಗಳ ಮೇಲೆ ಒಂದು ಸಂಗತಿ ನನ್ನ ಕಡೆ ತಿರುಗುತ್ತಿದೆ ಅನ್ನಿಸಿತ್ತು.

ಸುರಪುರದಲ್ಲಿ ಪೇಟಿ ರಿಪೇರಿ ಮಾಡುವ ಒಬ್ಬ ಮುದುಕರಿದ್ದರು. ಸುತ್ತಲಿನ ಭಜನಾ ಮಂಡಳಿ, ನಾಟಕದವರ ಪೇಟಿಗಳೆಲ್ಲ ಅವರ ಕೈಗೇ ಹೋಗುತ್ತಿದ್ದವು. ಮೂರನೆಯ ಭಾನುವಾರ ಶಹಾಪುರದಲ್ಲಿ ಇಳಿಯದೆ ಸುರಪುರದ ತನಕ ಹೋಗಿ ಕೇಳಿಕೊಂಡೆ. ಪಿಯಾನೊ ತಾವು ಬಿಚ್ಚಿದವರಲ್ಲ, ಆದರೂ ಅದು ಪೇಟಿಯ ಬಳಗದ್ದೇ ತಾನೇ ಎಂದು ಒಪ್ಪಿದರು. ನಾಲ್ಕನೆಯ ಭಾನುವಾರ ಬೆಳಗಿನ ಬಸ್ಸಿಗೆ ಚೀಲ ಹಿಡಿದು ಬಂದರು.

ಬೆಣೆಗೆ ಪಾನಾ ಹಾಕಿ ತಿರುಗಿಸಿದರು. ಬೆಣ್ಣೆಯಲ್ಲಿ ಚಮಚ ತಿರುಗಿದ ಹಾಗೆ ತಿರುಗಿತು. ಇನ್ನೊಂದು. ಮತ್ತೊಂದು. ನಡುವಿನಿಂದ, ಎರಡೂ ಕೊನೆಯಿಂದ, ಹತ್ತಿಪ್ಪತ್ತು ನೋಡಿದರು. ಆಮೇಲೆ ಬೆರಳಿನಿಂದ ಹಲಗೆ ಉಜ್ಜಿ ಮೂಸಿದರು.

"ಔಡಲೆಣ್ಣಿ," ಎಂದರು. "ಗಾಡಿ ಅಚ್ಚಿಗಿ ಹಾಕೂದು. ಯಾರವ್ವ ಹಾಕಿದವರು?"

ನಮ್ಮ ಮನೆಯಲ್ಲಿ ಮಹಾನವಮಿಯ ಖಂಡೆಪೂಜೆಗೆ ಕೂರಿಗೆ, ಗಾಡಿ, ತಕ್ಕಡಿ, ಹೊಲಿಗೆ ಯಂತ್ರ ಎಲ್ಲವನ್ನೂ ತೊಳೆದು, ಎಣ್ಣೆ ಹಚ್ಚಿ, ವಿಭೂತಿ ಇಡುತ್ತಾರೆ. ಮುತ್ತಜ್ಜನ ಕಾಲದಿಂದ ದೊಡ್ಡ ಪೇಟಿಯೂ ಆ ಸಾಲಿಗೆ ಸೇರಿತ್ತು. ಕಬ್ಬಿಣ ಇರುವ ಯಾವುದಕ್ಕೂ ಹಬ್ಬದ ದಿನ ಎಣ್ಣೆ ತಪ್ಪಿಸಬಾರದು ಅನ್ನುವುದು ಆಯಿಯ ನಂಬಿಕೆ. ಅವಳಿಗೆ ಕಣ್ಣು ಮಂಜಾದ ಮೇಲೆ ಆ ಕೆಲಸ ನನಗೆ ಬಂತು. ನನ್ನ ಕೈ ಸಣ್ಣದು, ಮೇಲಿನ ಮುಚ್ಚಳ ತೆಗೆದರೆ ಒಳಗೆ ಪೂರ್ತಿ ಹೋಗುತ್ತಿತ್ತು. ಐದನೆಯ ಇಯತ್ತೆಯಿಂದ ಪಿಯುಸಿ ಮುಗಿಯುವ ತನಕ ಪ್ರತಿ ವರ್ಷ ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಬಟ್ಟಲು ಹಿಡಿದು, ಬೆಣೆಗಳನ್ನು ಎಣಿಸುತ್ತ, ಪ್ರತಿಯೊಂದರ ಬುಡಕ್ಕೂ ಎಣ್ಣೆ ಬಿಟ್ಟಿದ್ದೇನೆ. ಇನ್ನೂರ ಇಪ್ಪತ್ತರ ಮೇಲಿದ್ದವು. ಲೆಕ್ಕ ತಪ್ಪಿದರೆ ಮೊದಲಿನಿಂದ ಶುರು ಮಾಡುತ್ತಿದ್ದೆ.

"ನಾನ್ರಿ," ಎಂದೆ.

ಮುದುಕರು ಮತ್ತೊಮ್ಮೆ ಬಾಗಿ ನೋಡಿದರು. "ಛಲೋ ಹಾಕೀದಿ. ಒಂದೂ ಬಿಟ್ಟಿಲ್ಲ." ಅವರು ನಗಲಿಲ್ಲ, ಕೆಲಸದ ಬಗ್ಗೆ ಹೇಳುವ ಹಾಗೆ ಹೇಳಿದರು. ಎಣ್ಣೆ ಕುಡಿದ ಹಲಗೆ ಇನ್ನು ಬೆಣೆ ಹಿಡಿಯುವುದಿಲ್ಲ, ತಂತಿಗೆ ಬಡಿಯುವ ಸುತ್ತಿಗೆಗಳ ಉಣ್ಣೆಯೂ ಜಿಡ್ಡುಗಟ್ಟಿದೆ ಎಂದು ವಿವರಿಸಿದರು. ಆ ಎಣ್ಣೆಯಿಂದಲೇ ಕಟ್ಟಿಗೆಗೆ ಒಂದು ಹುಳವೂ ಬಿದ್ದಿಲ್ಲ ಎಂದೂ ಹೇಳಿದರು. ಪಾನಾ ಚೀಲಕ್ಕೆ ಹಾಕಿಕೊಂಡು ದನಿ ತಗ್ಗಿಸಿದರು. "ನಿಮ್ಮ ಕಾಕಾಗ ವಯಸ್ಸಷ್ಟ ಹೇಳವ್ವ. ನೂರು ವರ್ಷದ್ದು ಅಂದ್ರ ಯಾರೂ ಗುಜರಿಗಿ ಹಾಕಂಗಿಲ್ಲ."

ಬಸ್ ಸ್ಟ್ಯಾಂಡಿನ ತನಕ ಅವರನ್ನು ಬಿಟ್ಟು ವಾಪಸ್ಸು ಬರುವಾಗ ಅದನ್ನೇ ಯೋಚಿಸಿದೆ. ಅವರ ಮಾತು ಸುಳ್ಳಾಗಿರಲಿಲ್ಲ. ಆದರೆ ವಯಸ್ಸು ಹೇಳಿದರೆ ಕಾಕಾ ಬೆಲೆ ಕೇಳುತ್ತಾನೆ. ಬೆಲೆಗೊಂದು ಮಾತು ಕಟ್ಟಿದರೆ ಮುಂದಿನ ಹಬ್ಬಕ್ಕೆ ಮತ್ತೆ ಕಟ್ಟಬೇಕು, ಕೊಳ್ಳುವವರು ಯಾಕೆ ಬರಲಿಲ್ಲ ಎಂದು ಕೇಳಿದರೆ ಇನ್ನೊಂದು. ಅಷ್ಟು ದೂರ ಹೊತ್ತುಕೊಂಡು ಹೋಗುವ ಶಕ್ತಿ ನನ್ನಲ್ಲಿರಲಿಲ್ಲ. ಅದನ್ನು ಪ್ರಾಮಾಣಿಕತೆ ಎಂದು ಕರೆಯಲು ನನಗೆ ಸಂಕೋಚವಾಗುತ್ತದೆ.

ಕಾಕಾ ಉಂಡು ಕೈ ತೊಳೆಯುತ್ತಿದ್ದ. ನಂಬರು, ಪಟ್ಟಿ, ವಯಸ್ಸು, ಬೆಣೆ, ಎಣ್ಣೆ, ಎಲ್ಲ ಹೇಳಿದೆ. ಎಣ್ಣೆ ಹಾಕಿದ್ದು ನಾನು ಎಂದೂ ಹೇಳಿದೆ. ಅವನು ಟವೆಲ್ಲಿನಲ್ಲಿ ಕೈ ಒರೆಸಿಕೊಂಡ.

"ನೀ ಒಬ್ಬಾಕಿ ಏನು," ಎಂದ. "ನಿನಗಿಂತ ಮೊದಲ ನಾ ಹಾಕತಿದ್ದೆ. ನನಗಿಂತ ಮೊದಲ ನಿಮ್ಮಪ್ಪ."

ಪಡಸಾಲೆಗೆ ಹೋಗಿ ಪಿಯಾನೊದ ಮೈ ಬಡಿದು ನೋಡಿದ. ಹುಳ ಇಲ್ಲವೆಂದು ಅವರೇ ಹೇಳಿದರಾ ಎಂದು ಎರಡು ಸಲ ಕೇಳಿದ. ಗುಜರಿಯ ಮಾತು ಆ ದಿನ ಎತ್ತಲಿಲ್ಲ, ಒಳಗಿನ ಖೋಲಿಯ ಮಾತನ್ನೂ ಎತ್ತಲಿಲ್ಲ. ಮರುವಾರ ಬಡಿಗೇರನನ್ನು ಕರೆಸುವ ಮುಂಚೆ ನನಗೆ ಫೋನ್ ಮಾಡಿ ಕೇಳಿದ. ಒಳಗಿನ ಕಬ್ಬಿಣ, ತಂತಿ ತೆಗೆದು ಗುಜರಿಗೆ ಕೊಡುವುದು, ಹೊರಗಿನ ಕಟ್ಟಿಗೆಯನ್ನು ಅಂಗಡಿಯ ಕೌಂಟರ್ ಮಾಡುವುದು. ಆಯಿ ನಿನಗೆ ಕೊಟ್ಟದ್ದು, ನೀನು ಬೇಡವೆಂದರೆ ಬೇಡ ಎಂದ. ಆಗಲಿ ಎಂದೆ. ಕ್ಲಾಸಿಗೆ ಹೊತ್ತಾಗಿತ್ತು.

ಮಹಾನವಮಿಗೆ ಶಹಾಪುರಕ್ಕೆ ಹೋದೆ. ಅಂಗಡಿ ನಡೆಯುತ್ತಿತ್ತು. ಭತ್ತಕ್ಕೆ ಯೂರಿಯಾ ಕೇಳಲು ದೋರನಹಳ್ಳಿಯಿಂದ ಬಂದವರು ಪಿಯಾನೊದ ಮೇಲೆ ಮೊಣಕೈ ಊರಿ ನಿಂತಿದ್ದರು. ಅವರು ಹೋದ ಮೇಲೆ ಕಾಕಾ ತಕ್ಕಡಿಗೆ ವಿಭೂತಿ ಇಟ್ಟ. ಕಾಕು, ರೂಢಿಯ ಮೇಲೆ, ಎಣ್ಣೆಯ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಕೊಟ್ಟ ಮೇಲೆ ನೆನಪಾಗಿ ನನ್ನ ಮುಖ ನೋಡಿದಳು.

ನಾನು ಬಟ್ಟೆ ಅದ್ದಿ, ಕೌಂಟರಿನ ಮೇಲ್ಭಾಗಕ್ಕೆ, ಎರಡೂ ಬದಿಗೆ ಎಣ್ಣೆ ಹಚ್ಚಿದೆ. ಮುಚ್ಚಳ ಎತ್ತಿ ಒಳಗೂ ಹಚ್ಚಿದೆ. ಅಲ್ಲಿ ಈಗ ರಸೀದಿ ಪುಸ್ತಕ, ಬೀಜದ ಖಾಲಿ ಪೊಟ್ಟಣಗಳು ಇದ್ದವು. ಎಣಿಸುವಂಥದ್ದು ಏನೂ ಇರಲಿಲ್ಲವಾದ್ದರಿಂದ ಕೆಲಸ ಬೇಗ ಮುಗಿಯಿತು.