ಬಾ ಎಂದ ಕೈ

ಕೋವಿಡ್ ಕಳೆದು ಶಾಲೆ, ಕಚೇರಿಗಳು ಪೂರ್ತಿ ತೆರೆದ ವರ್ಷ. ಡಿಸೆಂಬರ್ ತಿಂಗಳ ಒಂದು ಬುಧವಾರ, ಮಧ್ಯಾಹ್ನ ಒಂದು ಗಂಟೆ ಆಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಶಿರಸಿಯಲ್ಲಿ ಐದು ರಸ್ತೆ ಕೂಡುವಲ್ಲಿ, ಪೊಲೀಸರು ನಿಲ್ಲಲೆಂದು ಮಾಡಿದ ಕಟ್ಟೆಯಿಂದ ಕೆಳಗಿಳಿದು, ಬನವಾಸಿ ರಸ್ತೆಯ ಕಡೆಗೆ ಮುಖ ಮಾಡಿ ನಾನು ನಿಂತಿದ್ದೆ. ಕಟ್ಟೆಯ ಮೇಲಲ್ಲ, ಕೆಳಗೆ. ಆಮೇಲೆ ಹಲವರು ತಮ್ಮ ಮಾತಿನಲ್ಲಿ ನನ್ನನ್ನು ಕಟ್ಟೆಯ ಮೇಲೆ ಹತ್ತಿಸಿದರು, ಕೆಲವರು ಚಹಾ ಅಂಗಡಿಗೂ ಕಳಿಸಿದರು. ಅದಕ್ಕೇ ಈ ಮಾತನ್ನು ಮೊದಲೇ ಹೇಳುತ್ತಿದ್ದೇನೆ. ನಾನು ನಿಂತ ಜಾಗದಿಂದ ಆ ರಸ್ತೆಯಲ್ಲಿ ಬರುವ ವಾಹನದ ಮುಂಭಾಗವೂ ಅದರ ಬಲಬದಿಯೂ ಒಟ್ಟಿಗೆ ಕಾಣುತ್ತಿದ್ದವು.

ಆಗ ನಾನು ಟ್ರಾಫಿಕ್ ಡ್ಯೂಟಿಯ ಹೆಡ್ ಕಾನ್ಸ್‌ಟೇಬಲ್. ಊರು ಸಿದ್ದಾಪುರದ ಕಡೆ. ಯಲ್ಲಾಪುರದಲ್ಲಿ ಹೆದ್ದಾರಿ ಲಾರಿಗಳನ್ನು ನಿಭಾಯಿಸಿ ಶಿರಸಿಗೆ ಬಂದಿದ್ದೆ. ಹೆದ್ದಾರಿಯ ಲಾರಿಗಳಿಗೆ ನನ್ನ ಗುರುತಿರಲಿಲ್ಲ, ಆದ್ದರಿಂದ ಕೈ ಎತ್ತಿದರೆ ನಿಲ್ಲುತ್ತಿದ್ದವು. ಶಿರಸಿಯಲ್ಲಿ ಎಲ್ಲರಿಗೂ ಎಲ್ಲರ ಗುರುತು. ನಾನು ಕೈ ಅಡ್ಡ ಹಿಡಿದರೆ ಸ್ಕೂಟರಿನವರು ನಮಸ್ಕಾರ ಎಂದು ತಿಳಿದು ತಿರುಗಿ ಕೈ ಎತ್ತಿ, ಹಾಗೇ ಮುಂದೆ ಹೋಗುತ್ತಿದ್ದರು. ರಸ್ತೆಯ ನಡುವೆ ಎರಡು ಕಾರು ಮುಖಾಮುಖಿ ನಿಂತು ಉಪನಯನದ ಕರೆಯ ಮಾತಾಡುತ್ತಿದ್ದವು. ಸೀಟಿ ಊದಿದರೆ, ಯಾರಿಗೋ ಊದಿದ್ದು ಎಂದು ಪ್ರತಿಯೊಬ್ಬರೂ ಅಕ್ಕಪಕ್ಕ ನೋಡುತ್ತಿದ್ದರು. ಇಲ್ಲಿ ಯಾರು ಮೊದಲು ಹೋಗಬೇಕೆಂಬುದನ್ನು ಗುರುತು, ಪರಿಚಯ, ದಾಕ್ಷಿಣ್ಯ ತೀರ್ಮಾನಿಸುತ್ತಿದ್ದವು. ಪೊಲೀಸಿನವನ ಕೈ ಅವುಗಳ ನಂತರ.

ಪೇಟೆ ಬೀದಿಯಿಂದ ದಿನವೂ ಆ ಹೊತ್ತಿಗೆ ಸಾವಿತ್ರಕ್ಕ ಸೈಕಲ್ಲಿನಲ್ಲಿ ಬರುತ್ತಿದ್ದರು. ಐವತ್ತು ದಾಟಿದ ಹೆಂಗಸು. ಮನೆಯಲ್ಲೇ ಅಡುಗೆ ಮಾಡಿ, ಕಚೇರಿಗಳಿಗೆ ಮತ್ತು ಒಂಟಿಯಾಗಿ ರೂಮು ಮಾಡಿಕೊಂಡವರಿಗೆ ಡಬ್ಬಿಯಲ್ಲಿ ಊಟ ಕಳಿಸುವುದು ಅವರ ಜೀವನ. ಕ್ಯಾರಿಯರಿನ ಮೇಲೆ ಡಬ್ಬಿ ತುಂಬಿದ ಬುಟ್ಟಿ, ಹ್ಯಾಂಡಲಿನ ಎರಡೂ ಕಡೆ ಕೈಚೀಲ. ಅಷ್ಟು ಭಾರದ ಸೈಕಲ್ ಒಮ್ಮೆ ನಿಂತಿತೆಂದರೆ ಮತ್ತೆ ಹೊರಡಿಸುವುದು ಸುಲಭವಲ್ಲ. ಮೊದಲ ಒಂದೆರಡು ತುಳಿತದಲ್ಲಿ ಮುಂದಿನ ಚಕ್ರ ಅತ್ತಿತ್ತ ಹೊರಳುತ್ತದೆ. ಕಾರಿನಲ್ಲಿ ಕೂತವರಿಗೆ ಇದು ತಿಳಿಯುವುದಿಲ್ಲ. ಸೈಕಲ್ಲಿನವರು ಜಂಕ್ಷನ್ನಿನಲ್ಲಿ ನಿಲ್ಲಲು ಯಾಕೆ ಅಷ್ಟು ಒಲ್ಲರು ಎಂಬುದು ನನಗೂ ಅವರನ್ನು ದಿನಾ ನೋಡಿಯೇ ತಿಳಿದದ್ದು.

ಆ ದಿನ ನಾನು ಪೇಟೆ ಬೀದಿಯನ್ನು ನಿಲ್ಲಿಸಿ ಬನವಾಸಿ ರಸ್ತೆಯನ್ನು ಬಿಟ್ಟಿದ್ದೆ. ಬಲಗೈ ಪೇಟೆಯ ಕಡೆ ಅಡ್ಡ, ಎಡಗೈ ಬನ್ನಿ ಎಂದು ಬೀಸುತ್ತಿತ್ತು. ಸಾವಿತ್ರಕ್ಕ ನನ್ನ ಬಲಗೈ ನೋಡಿ ಬ್ರೇಕ್ ಹಿಡಿದು ಒಂದು ಕಾಲು ನೆಲಕ್ಕೆ ಊರಿದರು. ಬನವಾಸಿ ಕಡೆಯಿಂದ ಮೊದಲು ಬಂದದ್ದು ಶುಂಠಿ ಚೀಲಗಳನ್ನು ಕ್ಯಾಬಿನ್ನಿಗಿಂತ ಎತ್ತರ ಪೇರಿಸಿದ್ದ ಲಾರಿ. ನಡೆಸುತ್ತಿದ್ದವ ದಾಸನಕೊಪ್ಪದ ಬಸಪ್ಪ. ಪೇಟೆಗೆ ಬಂದಾಗಲೆಲ್ಲ ಸಾವಿತ್ರಕ್ಕನ ಮನೆಯಲ್ಲೇ ಊಟ ಮಾಡುತ್ತಿದ್ದವ.

ನಾನು ಬಾ ಎಂದು ಕೈ ಬೀಸುತ್ತಿರುವಾಗಲೇ ಬಸಪ್ಪ ಲಾರಿ ನಿಲ್ಲಿಸಿದ. ಗಾಜಿನ ಒಳಗಿನಿಂದ ಎಡಗೈ ಆಡಿಸಿದ. ಮಾತೂ ಕೇಳಿಸಿತು.

"ಬರ್ರಿ ಅಕ್ಕಾರ, ಬರ್ರಿ."

ಸಾವಿತ್ರಕ್ಕ ಹೊರಟರು. ನಾನು ಬಲಗೈ ಇಳಿಸಿರಲಿಲ್ಲ. ಸೀಟಿ ಊದಿದೆ. ಅದೇ ಹೊತ್ತಿಗೆ ಲಾರಿಯ ಹಿಂದಿದ್ದ ಬಿಳಿ ಕಾರು ಬಲಕ್ಕೆ ಹೊರಳಿ ಮುಂದೆ ಬಂತು. ಕಾರಿನವನಿಗೆ ನಾನು ಕಂಡಿದ್ದೆ. ಬನ್ನಿ ಎನ್ನುವ ನನ್ನ ಎಡಗೈ ಕಂಡಿತ್ತು. ಎದುರಿನ ಲಾರಿ ಸುಮ್ಮನೆ ನಿಂತಿತ್ತು. ಲಾರಿಯ ಮುಂದೆ ಎಡದಿಂದ ಬಲಕ್ಕೆ ಸೈಕಲ್ಲೊಂದು ತೆವಳುತ್ತಿರುವುದು ಅವನಿಗೆ ಕಾಣಲು ಸಾಧ್ಯವೇ ಇರಲಿಲ್ಲ. ದೊಡ್ಡ ವಾಹನದ ಮರೆಯಲ್ಲಿ ಹೀಗೆ ಕಾಣದೆ ಉಳಿಯುವ ಜಾಗಕ್ಕೆ ನಾವು ಬ್ಲೈಂಡ್ ಸ್ಪಾಟ್ ಎನ್ನುತ್ತೇವೆ. ಸೈಕಲ್ಲಿನ ಮುಂದಿನ ಚಕ್ರ ಲಾರಿಯ ಬಲಮೂಲೆ ದಾಟಿತು. ಆಮೇಲೆ ಡಬ್ಬಿಗಳ ಸದ್ದು.

ರಸ್ತೆಯೆಲ್ಲ ಕೆಂಪಾಗಿ ಹರಿಯಿತು. ಹತ್ತಿರ ಹೋದಾಗ ಇಂಗಿನ ವಾಸನೆ ಬಂತು, ಹರಿದದ್ದು ಸಾರು. ಸಾವಿತ್ರಕ್ಕ ಎಚ್ಚರವಾಗಿದ್ದರು, ಬಲಗಾಲು ಮಾತ್ರ ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಇವತ್ತಿಗೂ ಇಂಗಿನ ಒಗ್ಗರಣೆ ಹಾಕುವಾಗ ನಾನು ಅಡುಗೆಮನೆಯಿಂದ ಹೊರಗೆ ಬರುತ್ತೇನೆ.

ಮುಂದಿನದು ನಮ್ಮ ಊರುಗಳಲ್ಲಿ ಹೇಗೆ ನಡೆಯುತ್ತದೋ ಹಾಗೆಯೇ ನಡೆಯಿತು. ಬಸಪ್ಪ ಲಾರಿಯಿಂದ ಹಾರಿ ಬಂದು, ಅಳುತ್ತಲೇ ಸಾವಿತ್ರಕ್ಕನನ್ನು ಆಟೋಕ್ಕೆ ಎತ್ತಿಕೊಂಡು ಆಸ್ಪತ್ರೆಗೆ ಹೋದ. ಲಾರಿ ಅಲ್ಲೇ ಉಳಿಯಿತು, ಕೀಲಿ ಅವನ ಜೇಬಿನಲ್ಲಿ. ಐದೂ ರಸ್ತೆ ಕಟ್ಟಿಹೋಯಿತು. ಜನ ಕಾರಿನವನನ್ನು ಹೊರಗೆಳೆದರು. ನಾನು ನಡುವೆ ನುಗ್ಗುವಷ್ಟರಲ್ಲಿ ಅವನ ಕೆನ್ನೆಗೆ ಏಟು ಬಿದ್ದಿತ್ತು. ಹಾವೇರಿ ಕಡೆಯ ಪ್ರವೀಣ, ಹೊಸದಾಗಿ ಬಾಡಿಗೆ ಕಾರು ನಡೆಸಲು ಹಿಡಿದವ. ಸಹಸ್ರಲಿಂಗ ನೋಡುವವರನ್ನು ಕರೆದುಕೊಂಡು ಹೊರಟಿದ್ದ. ಹೊರಗಿನ ನಂಬರಿನವ ಎಂಬುದೊಂದೇ ಸಾಕಾಗಿತ್ತು. ಅವನು ನನ್ನ ಮುಖ ನೋಡಿ ಒಂದೇ ಮಾತು ಹೇಳಿದ.

"ನೀವs ಬಾ ಅಂದ್ರಿ ಸರ್, ಅದಕ್ಕ ಬಂದೆ."

ಸಂಜೆಯೊಳಗೆ ಊರಿನ ಮೊಬೈಲುಗಳಲ್ಲೆಲ್ಲ ಬಸಪ್ಪನ ಫೋಟೊ. ಮಾನವೀಯತೆ ಮೆರೆದ ಲಾರಿ ಚಾಲಕ. ಅದರ ಕೆಳಗೆ, ಹೊರಗಿನವರ ಅಟ್ಟಹಾಸಕ್ಕೆ ಕಡಿವಾಣ ಯಾವಾಗ ಎಂಬ ಪ್ರಶ್ನೆ. ಕೈ ಆಡಿಸಿದ ವಿಷಯ ಯಾವುದರಲ್ಲೂ ಇಲ್ಲ.

ಮರುದಿನ ಸಬ್ ಇನ್‌ಸ್ಪೆಕ್ಟರ್ ನನ್ನ ಹೇಳಿಕೆ ಪಡೆಯುವವರಿದ್ದರು. ಹೇಳಿಕೆ ಎಂದರೆ ಸಾಕ್ಷಿಯಾದವನು ತನಿಖಾಧಿಕಾರಿಯ ಮುಂದೆ ತಾನು ಕಂಡದ್ದನ್ನು ಹೇಳುವುದು. ಬಸಪ್ಪನ ಕೈಯ ಮಾತನ್ನು ನಾನು ಬಿಟ್ಟರೆ, ನಿಂತ ಲಾರಿಯನ್ನು ಹಿಂದಿಕ್ಕಿ ಹೆಂಗಸಿನ ಮೇಲೆ ಕಾರು ಹರಿಸಿದವ ಎಂಬಷ್ಟೇ ಪ್ರವೀಣನ ಹೆಸರಿನಲ್ಲಿ ಉಳಿಯುತ್ತಿತ್ತು. ಲೈಸೆನ್ಸ್ ಹೋದರೆ ಅವನಿಗೆ ಬೇರೆ ಕಸುಬು ಗೊತ್ತಿರಲಿಲ್ಲ.

ಅಷ್ಟರಲ್ಲಿ, ಬಸಪ್ಪನ ಹೆಸರು ಎತ್ತಬೇಡ ಎಂದು ಬುದ್ಧಿ ಹೇಳುವವರು ಶುರುವಾದರು. ಬಸಪ್ಪ ಎಂಥ ಒಳ್ಳೆಯವ ಎಂದು ಬೆಳಗಿನಿಂದ ಕೇಳಿ ನನಗೆ ತಲೆ ಚಿಟ್ಟು ಹಿಡಿಯಿತು. ಅವನು ಕೆಟ್ಟವನೆಂದು ನಾನು ಯಾರಿಗೂ ಹೇಳಿರಲಿಲ್ಲ. ಸರ್ಕಲ್ಲಿನ ಮೂಲೆಯಲ್ಲಿ ಕಬ್ಬಿನಹಾಲಿನ ಗಾಡಿ ಇಟ್ಟುಕೊಂಡಿದ್ದ ಗಫೂರ್ ಸಾಬರೂ ಕೈ ಆಡಿಸಿದ್ದನ್ನು ನೋಡಿದ್ದರು. ಅವರಾದರೂ ಹೇಳಿಯಾರು ಎಂದು ಕೇಳಿದೆ.

"ಹೆಂಗಸಿಗೆ ದಾರಿ ಬಿಟ್ಟದ್ದು ಪುಣ್ಯದ ಕೆಲಸ ಸಾರ್. ಪುಣ್ಯಕ್ಕೂ ನೀವು ಕೇಸ್ ಹಾಕ್ತೀರೇನು?" ಎಂದರು.

ಆಸ್ಪತ್ರೆಗೆ ಹೋದೆ. ಸಾವಿತ್ರಕ್ಕನ ಕಾಲಿಗೆ ರಾಡು ಹಾಕುವುದಿತ್ತು. ನಾನು ಬಾಯಿ ತೆರೆಯುವ ಮೊದಲೇ ಬಸಪ್ಪನ ಹೆಸರು ಬರಬಾರದೆಂದು ಹೇಳಿಬಿಟ್ಟರು. ಅವನು ಕರೆದ, ಹೋದದ್ದು ತಾನು ಎಂದರು. ನನಗೆ ತಡೆಯಲಾಗಲಿಲ್ಲ. ನನ್ನ ಕೈ ಅಡ್ಡ ಇತ್ತಲ್ಲ, ಕಂಡಿರಲಿಲ್ಲವೇ ಎಂದು ಕೇಳಿದೆ.

"ಕಂಡಿತ್ತು ಮಾರಾಯ್ರೆ. ನಿಮ್ಮ ಕೈ ದಿನಾ ಕಾಣ್ತದೆ. ನಿಲ್ಲು ಅಂದವರ ಮಾತು ಕೇಳೂದಾ, ಬಾ ಅಂದವರದ್ದು ಕೇಳೂದಾ?"

ಪಕ್ಕದ ಮಂಚದವರು ನಕ್ಕರು. ಆ ನಗು ನಿಂತ ಮೇಲೆ ನಾನು ಒಂದು ಮಾತು ಹೇಳಿದೆ. "ಸಾವಿತ್ರಕ್ಕ, ಆ ಕಾರಿನವನಿಗೂ ಯಾರೋ ಬಾ ಅಂದಿದ್ದರು. ಅಂದವನು ನಾನು." ಅವರು ಗೋಡೆಯ ಕಡೆ ನೋಡಿದರು. ಆಮೇಲೆ, ಅವನಿಗೆ ತುಂಬಾ ಹೊಡೆದರಾ ಎಂದು ಕೇಳಿದರು.

ಮಧ್ಯಾಹ್ನ ಹೇಳಿಕೆ ಕೊಟ್ಟೆ. ನನ್ನ ಎರಡೂ ಕೈ ಎಲ್ಲೆಲ್ಲಿದ್ದವು ಎಂಬಲ್ಲಿಂದ ಶುರುಮಾಡಿದೆ. ಲಾರಿ ನಿಂತದ್ದು, ಒಳಗಿನ ಕೈ, ಕೇಳಿದ ಮಾತು, ಹೊರಟ ಸೈಕಲ್, ಬಲಕ್ಕೆ ಬಂದ ಕಾರು. ಜಂಕ್ಷನ್ನಿನಲ್ಲಿ ಓವರ್‌ಟೇಕ್ ಮಾಡಿದ್ದು ಪ್ರವೀಣನ ತಪ್ಪು ಎಂದೂ ಹೇಳಿದೆ, ಏಕೆಂದರೆ ಅದು ತಪ್ಪೇ. ಆದರೆ ಆ ಕ್ಷಣದಲ್ಲಿ ಅಲ್ಲಿದ್ದವರಲ್ಲಿ ಪೊಲೀಸಿನವನ ಕೈಯನ್ನು ನಂಬಿ ನಡೆದವನು ಅವನೊಬ್ಬನೇ. ಅದನ್ನೂ ಬಿಡಲಿಲ್ಲ.

ಗಫೂರ್ ಸಾಬರು ಒಂದು ವಾರ ನನಗೆ ಕಬ್ಬಿನಹಾಲು ಕೊಡಲಿಲ್ಲ. ಯಂತ್ರ ತಿರುಗುತ್ತಿರುವಾಗಲೇ ಕಬ್ಬು ಮುಗಿದಿದೆ ಎನ್ನುತ್ತಿದ್ದರು.

ಬಸಪ್ಪ ಬಂದದ್ದು ನಾಲ್ಕನೆಯ ದಿನ. ಎಲ್ಲಿಗೆ? ಅದೇ ಸರ್ಕಲ್ಲಿಗೆ. ಲಾರಿ ನಿಲ್ಲಿಸಿದ್ದೂ ಅದೇ ಜಾಗದಲ್ಲಿ, ನಾನು ಮುಂದೆ ಹೋಗು ಎಂದು ಕೈ ಬೀಸುತ್ತಿರುವಾಗ. ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಸಾಹೇಬ್ರ, ನನ್ನ ಹೆಸರೂ ಹೇಳೀರಂತ?"

"ಹೇಳಿದ್ದೇನೆ."

"ಛಲೋ ಮಾಡಿದ್ರಿ ಬಿಡ್ರಿ. ಆ ಕಾರಿನ ಹುಡುಗ ಊಟಾನೇ ಮಾಡವಲ್ಲಂತ. ನಾ ಕರದದ್ದು ಖರೇ. ಸ್ಟೇಷನ್ನಿಗೆ ಹೊಂಟೀನಿ, ಅದನ್ನs ಹೇಳ್ತೀನಿ."

ಎಲ್ಲರೂ ಯಾರನ್ನು ಕಾಪಾಡಲು ನನ್ನ ಪ್ರಾಣ ತಿಂದರೋ ಅವನಿಗೆ ಆ ರಕ್ಷಣೆಯೇ ಬೇಕಿರಲಿಲ್ಲ. ಏನಾದರೂ ಹೇಳಬೇಕೆಂದು ಹತ್ತಿರ ಹೋದೆ. ಅಷ್ಟರಲ್ಲಿ ಪೇಟೆ ಬೀದಿಯಿಂದ ಸ್ಕೂಟರಿನ ಹೆಂಗಸೊಬ್ಬಳು ಬಂದು ನಿಂತಳು. ಬಸಪ್ಪ ನನ್ನ ಜೊತೆ ಮಾತಾಡುತ್ತಲೇ, ಹೋಗವ್ವ ಎಂದು ಅವಳಿಗೆ ಕೈ ಆಡಿಸಿದ. ನಾನು ಲಾರಿಯ ಬಲಬದಿಗೆ ಓಡಿ ಹಿಂದಿನ ಗಾಡಿಗಳಿಗೆ ಎರಡೂ ಕೈ ಅಡ್ಡ ಹಿಡಿದೆ. ಅವಳು ದಾಟಿ ಹೋದಳು. ಬಸಪ್ಪನಿಗೆ ನಾನು ಯಾಕೆ ಓಡಿದೆ ಎಂಬುದು ತಿಳಿದ ಹಾಗೆ ಕಾಣಲಿಲ್ಲ.

ಅವನು ಹೇಳಿದ್ದರಿಂದ ತಪ್ಪು ಇಬ್ಬರಿಗೂ ಹಂಚಿಹೋಯಿತು. ಪ್ರವೀಣನ ಲೈಸೆನ್ಸ್ ಕೆಲವು ತಿಂಗಳು ಅಮಾನತ್ತಾಗಿ ಮತ್ತೆ ಕೈಗೆ ಬಂತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಕೂಡುರಸ್ತೆಯಲ್ಲಿ ನಾವು ಒಬ್ಬರಿಗೆ ತೋರಿಸುವ ದಾಕ್ಷಿಣ್ಯ ನಮ್ಮ ಬೆನ್ನ ಹಿಂದೆ ಇರುವವರಿಗೆ ಕಾಣುವುದಿಲ್ಲ. ಹಿಂದೆ ನೋಡದೆ ಯಾರನ್ನೂ ಬಾ ಎನ್ನಬಾರದು.

ಕಂಡವರಲ್ಲಿ ಬಸಪ್ಪ ಈಗಿಲ್ಲ. ಕಳೆದ ವರ್ಷ ದಾಸನಕೊಪ್ಪದಲ್ಲಿ, ತನ್ನ ಮನೆಯಲ್ಲಿ, ಎದೆನೋವಿನಿಂದ ಹೋದ. ಪ್ರವೀಣ ಇದ್ದಾನೆ, ಹಾವೇರಿಯಲ್ಲಿ ಈಗಲೂ ಕಾರು ನಡೆಸುತ್ತಾನೆ. ಗಫೂರ್ ಸಾಬರು ಇದ್ದಾರೆ, ಅದೇ ಮೂಲೆಯಲ್ಲಿ. ಸಾವಿತ್ರಕ್ಕ ಇದ್ದಾರೆ. ಸ್ವಲ್ಪ ಕುಂಟುತ್ತಾರೆ, ಡಬ್ಬಿ ಕಡಿಮೆ ಮಾಡಿದ್ದಾರೆ, ಸೈಕಲ್ ಬಿಟ್ಟಿಲ್ಲ. ಹೋದ ತಿಂಗಳು ನಾನು ಅಲ್ಲೇ ಪಂಚೆಯುಟ್ಟು ಫುಟ್‌ಪಾತಿನ ಮೇಲೆ ನಿಂತಿದ್ದೆ. ಅವರು ಬಂದರು. ಗುರುತಿನ ಆಟೋದವ ನಿಲ್ಲಿಸಿ, ಹೋಗಿ ಅಕ್ಕಾ ಎಂದ. ಅವರು ಕಾಲು ನೆಲಕ್ಕೆ ಊರಿ, ಹೋಗದೆ, ಸುತ್ತ ನೋಡಿ, ನನ್ನನ್ನು ಕಂಡು ಹುಬ್ಬು ಏರಿಸಿದರು. ನಾನು ಕೆಳಗಿಳಿದು ಆಟೋದ ಹಿಂದೆ ಹೋಗಿ ನೋಡಿದೆ. ರಸ್ತೆ ಖಾಲಿಯಿತ್ತು. ಆಮೇಲೆ ಬನ್ನಿ ಎಂದು ಕೈ ಬೀಸಿದೆ.