ಎತ್ತರದ ಗಾಡಿ, ತಗ್ಗಿನ ಗಾಡಿ ಮತ್ತು ಕ್ರೇನಿನ ಕನಕರಾಜ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ಘಾಟಿಯ ತಿರುವಿನಲ್ಲಿ ಎತ್ತರದ ಬಿಳಿ ಗಾಡಿಯೊಂದು ಚರಂಡಿಗೆ ಮಗ್ಗುಲಾಗಿ ಬಿದ್ದಿದೆ. ಒಳಗಿದ್ದವರನ್ನು ಆಗಲೇ ಆಸ್ಪತ್ರೆಗೆ ಸಾಗಿಸಿದ್ದಾರೆ. ಅದಿರಿನ ಲಾರಿಗಳು ಎರಡೂ ಕಡೆ ಸಾಲುಗಟ್ಟಿ, ಹಾರ್ನ್ ಹೊಡೆದು ಹೊಡೆದು ಸಾಕಾಗಿ ಸುಮ್ಮನಾಗಿವೆ. ಕ್ರೇನಿನಿಂದ ಇಳಿದ ಕನಕರಾಜ್ ಮೊದಲು ಸರಪಳಿಗೆ ಕೈ ಹಾಕುವುದಿಲ್ಲ. ಒಡೆದ ಹಿಂಗಾಜಿನೊಳಗೆ ತಲೆ ತೂರಿಸಿ ಒಂದೊಂದೇ ಸಾಮಾನು ಈಚೆ ತೆಗೆಯುತ್ತಾರೆ. ಒಂದು ಜೊತೆ ಚಪ್ಪಲಿ, ಬುತ್ತಿಯ ಡಬ್ಬಿ, ಮಗುವಿನ ಟೋಪಿ. ಎಲ್ಲವನ್ನೂ ತಮ್ಮ ಟವೆಲ್ಲಿನಲ್ಲಿ ಗಂಟು ಕಟ್ಟಿ ಕ್ರೇನಿನ ಸೀಟಿನ ಮೇಲೆ ಇಡುತ್ತಾರೆ.

“ಗಾಡಿ ಎದ್ದ ಮ್ಯಾಲೆ ಮಂದಿ ಗಾಡಿ ಕಡೀಗೇ ನೋಡ್ತಾರ್ರಿ. ಒಳಗಿನ ಸಾಮಾನು ಯಾರಿಗೂ ನೆಪ್ಪಿರಲ್ಲ. ನಾಲ್ಕು ದಿನ ಬಿಟ್ಟು ಬಂದು ಕೇಳ್ತಾರ, ನಮ್ಮವ್ವನ ಚಾಳೀಸು ಎಲ್ಲೈತಿ ಅಂತ. ಆವಾಗ ನಾ ಏನು ಹೇಳ್ಲಿ?” ಎಂದು ಪೇಪರಿನವರಾದ ನಮಗೆ ಹೇಳುತ್ತಾ ಗಾಡಿಗೆ ಎತ್ತುವ ಬೆಲ್ಟ್ ಬಿಗಿಯುತ್ತಾರೆ.

ಗಾಡಿ ನರಳುತ್ತಾ ಮೇಲೇಳುತ್ತದೆ. ನೋಡಲು ನಿಂತ ಗುಂಪಿನಿಂದ ಲಾರಿ ಡ್ರೈವರ್ ಪಾಲಪ್ಪ ಮುಂದೆ ಬಂದು ಮೆಲ್ಲಗೆ ಕೇಳುತ್ತಾನೆ: “ಕನಕಣ್ಣ, ನಮ್ಮ ತಮ್ಮ ಹೊಸಾ ಗಾಡಿ ತಗಳಾಕತ್ಯಾನ. ಎತ್ತರದ್ದು ತಗಳ್ಳದೋ, ತಗ್ಗಿನದು ತಗಳ್ಳದೋ?” ರಸ್ತೆಯ ಮೇಲಿನ ರಕ್ತ ಇನ್ನೂ ಒಣಗಿಲ್ಲ. ಅದರ ಪಕ್ಕದಲ್ಲೇ ನಿಂತು ಹೊಸ ಗಾಡಿಯ ಮಾತೆತ್ತಲು ನಮ್ಮ ಜನಕ್ಕೆ ಬಾಯಾದರೂ ಹೇಗೆ ಬರುತ್ತದೋ! ಆದರೆ ಈ ಘಾಟಿಯಲ್ಲಿ ಇದು ಮಾಮೂಲು. ಬಣ್ಣ ಯಾವುದಿದ್ದರೆ ಚೆಂದ ಎಂದು ಕೇಳಿದವರೂ ಇದ್ದಾರೆ.

ಹಿಂದೆಲ್ಲ ಕನಕರಾಜ್ ಬೀಡಿ ಹಚ್ಚಿಕೊಂಡು ಬಿಡಿಸಿ ಹೇಳುತ್ತಿದ್ದರು. ಈಗ ಹೇಳುವುದಿಲ್ಲ. “ಯಾವುದಾರ ತಗಳ್ರಪ್ಪ. ಮನಿ ಮುಟ್ಟಿದ್ರ ಸಾಕು” ಎಂದು ಕ್ರೇನ್ ಹತ್ತಿಬಿಡುತ್ತಾರೆ. ಸಂಡೂರಿನ ಅವರ ಮನೆಯ ಪಡಸಾಲೆಯಲ್ಲಿ ಮಗಳು ಪಂಪಾವತಿ ಮಂಚ ಹಿಡಿದು ಮಲಗಿದ್ದಾಳೆ. ಇದೇ ಘಾಟಿಯಲ್ಲಿ ಗಾಡಿ ಮಗುಚಿ ಅವಳ ಸೊಂಟ ಮತ್ತು ಎಡದೊಡೆ ಮುರಿದಿತ್ತು. ಆಪರೇಷನ್ ಆಗಿದೆ, ಮೂಳೆ ಕೂಡಿದೆ. ಇನ್ನು ಕಾಲಿಗೆ ವ್ಯಾಯಾಮ ಮಾಡಿಸದಿದ್ದರೆ ಮಂಡಿ ಹಾಗೇ ಸೆಟೆದು ನಿಲ್ಲುತ್ತದೆ ಎಂದು ಡಾಕ್ಟರು ಎಚ್ಚರಿಸಿದ್ದಾರೆ. ವ್ಯಾಯಾಮ ಮಾಡಿಸುವ ಆಸ್ಪತ್ರೆ ಹೊಸಪೇಟೆಯಲ್ಲಿದೆ, ಘಾಟಿಯ ಆಚೆ. ಪಂಪಾವತಿ ಗಾಡಿ ಹತ್ತಲು ಒಪ್ಪುತ್ತಿಲ್ಲ. ಬಾಗಿಲ ಮುಂದೆ ಎಂಜಿನ್ ಸದ್ದಾದರೆ ಸಾಕು, ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಾಳೆ. ಬಿದ್ದ ಗಾಡಿಗಳನ್ನು ಎತ್ತಿಯೇ ಬದುಕು ಸವೆಸಿದ ಈ ಮನುಷ್ಯನಿಗೆ ಮಗಳನ್ನು ಒಂದು ಗಾಡಿಯಲ್ಲಿ ಕೂರಿಸಲು ಆಗುತ್ತಿಲ್ಲ.

ಕನಕರಾಜ್ ಅವರ ಅಪ್ಪ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವರು. ಇವರು ಮೀಸೆ ಮೂಡುವ ಮೊದಲೇ ಲಾರಿ ಕ್ಲೀನರ್ ಆದರು, ಆಮೇಲೆ ಟಿಪ್ಪರ್ ಹಿಡಿದರು. ಗಣಿ ನಿಂತಾಗ ಟಿಪ್ಪರ್‌ಗಳು ತುಕ್ಕು ಹಿಡಿದವು, ಡ್ರೈವರ್‌ಗಳು ಬೀದಿಗೆ ಬಿದ್ದರು. ಆಗ ಸಿಕ್ಕಿದ್ದು ಈ ಕ್ರೇನ್ ಕೆಲಸ. ಕ್ರೇನ್ ಬೇರೆಯವರದು, ನಿದ್ದೆಗೆಡುವುದು ಮಾತ್ರ ಇವರದು. ಗಣಿ ಮತ್ತೆ ಶುರುವಾಯಿತು, ರಸ್ತೆಯಲ್ಲಿ ಲಾರಿ ಹೆಚ್ಚಿದವು, ಹಂಪಿ ನೋಡಿ ಹಾಗೇ ಸಂಡೂರಿನ ಗುಡ್ಡಕ್ಕೆ ಬರುವ ಕಾರುಗಳು ಹೆಚ್ಚಿದವು. ಮಳೆಗಾಲದಲ್ಲಿ ಕ್ರೇನ್ ತಣ್ಣಗಾಗುವುದೇ ಇಲ್ಲ. ಎತ್ತುವಾಗ ಸರಪಳಿ ತಪ್ಪಿ ಬಡಿದು ಅವರ ಬಲಗೈಯ ಎರಡು ಬೆರಳು ಡೊಂಕಾಗಿವೆ. ತುತ್ತು ಎತ್ತುವಾಗ ಅನ್ನ ಸಂದಿಯಿಂದ ಉದುರುತ್ತದೆ.

ಅವರ ಲೆಕ್ಕದಲ್ಲಿ ಜಗತ್ತಿನ ಕಾರುಗಳೆಲ್ಲ ಎರಡೇ ಜಾತಿ. ಶೋರೂಮಿನವರು ಎಸ್‌ಯುವಿ ಎನ್ನುವುದು ಇವರಿಗೆ ಎತ್ತರದ ಗಾಡಿ. ಲಾರಿಯ ಹಾಗೆ ಕೆಳಗೊಂದು ಗಟ್ಟಿ ಚಾಸಿ, ಅದರ ಮೇಲೆ ಮನೆ. ಕ್ರಾಸ್‌ಓವರ್ ಎನ್ನುವುದು ತಗ್ಗಿನ ಗಾಡಿ. ನೋಡಲು ಅದೇ ಠೀವಿ, ಒಳಗೆ ಮಾತ್ರ ಮಾಮೂಲಿ ಕಾರಿನ ಮೈ. “ಎತ್ತರದ್ದಕ್ಕ ದಮ್ಮು ಭಾಳ್ರಿ. ಕೆಸರಾಗ, ಕೆನಾಲ್ ದಾರಿಯಾಗ ಅದನ್ನ ಮೀರಿಸೋದು ಇಲ್ಲ. ಆದ್ರ ತಿರುವಿನಾಗ ಅದು ನಿಮ್ಮ ಮಾತು ಸ್ವಲ್ಪ ತಡಾ ಮಾಡಿ ಕೇಳ್ತೈತಿ. ತಗ್ಗಿನದು ಹಂಗಲ್ಲ, ಸ್ಟೇರಿಂಗ್ ತಿರುವಿದ ಕೂಡ್ಲೇ ತಿರುಗ್ತೈತಿ. ಏರಿನಾಗ ಮಾತ್ರ ತೇಕ್ತೈತಿ, ಪಾಪ.” ಬಹಳ ದಿನಗಳ ಮೇಲೆ ಅವರು ಇಷ್ಟು ಮಾತಾಡಿದ್ದು. ಮಾತಾಡಿದ ಮೇಲೆ ತಪ್ಪು ಮಾಡಿದವರಂತೆ ಮುಖ ತಿರುಗಿಸುತ್ತಾರೆ.

ಅಳಿಯ ಕಿರಣ್ ಕುಮಾರ್ ಕಂಪ್ಲಿ ತಾಲ್ಲೂಕಿನ ಎಮ್ಮಿಗನೂರಿನವನು. ಹಂಪಿಯಲ್ಲಿ ಟೂರಿಸ್ಟರನ್ನು ಸುತ್ತಾಡಿಸುವುದು ಅವನ ಕಸುಬು. ಕಳೆದ ವರ್ಷ ಸ್ವಂತ ಗಾಡಿ ಕೊಳ್ಳಲು ಹೊರಟಾಗ ಮಾವನನ್ನು ಜೊತೆಗೆ ಕರೆದ. ಇಬ್ಬರೂ ಗೆಳೆಯರ ಗಾಡಿ ಎರವಲು ತಂದು ಎರಡನ್ನೂ ಘಾಟಿಯಲ್ಲಿ ಓಡಿಸಿ ನೋಡಿದರು. ಕನಕರಾಜ್ ಮುಂದಿನ ಸೀಟು ಬಿಟ್ಟು ಹಿಂದೆ ಕೂತರು. ಮಗಳು ಕೂರುವುದು ಅಲ್ಲೇ ಎಂದು ಅವರಿಗೆ ಗೊತ್ತಿತ್ತು. ತಗ್ಗಿನ ಗಾಡಿ ತಿರುವುಗಳಲ್ಲಿ ರಸ್ತೆಗೆ ಅಂಟಿಕೊಂಡು ಹೋಯಿತು. ಆದರೆ ಏರಿನಲ್ಲಿ ಲಾರಿ ದಾಟಲಾರದೆ ಕೆಂಪು ಧೂಳು ಕುಡಿಸಿತು, ಕಿರಣನ ಊರಿನ ಕಡೆಯ ಮೆಟ್ರಿಯ ಕಾಲುವೆ ದಾರಿಯಲ್ಲಿ ಹೊಟ್ಟೆ ಉಜ್ಜಿಕೊಂಡಿತು. ಎತ್ತರದ್ದು ಲಾರಿಗಳನ್ನು ನಗುನಗುತ್ತಾ ದಾಟಿತು. ತಿರುವಿನಲ್ಲಿ ಮಾತ್ರ ಮಾವನ ಹೆಗಲು ಕಿಟಕಿಗೆ ಬಡಿಯಿತು.

“ಮಾವ, ಜಿಂದಗಿ ತುಂಬಾ ಲಾರಿ ಹಿಂದ ಧೂಳು ತಿನ್ಕಂತ ಹೋಗ್ಲೇನು?” ಎಂದ ಕಿರಣ್ ಕುಮಾರ್. ಅವನ ಮಾತಿನಲ್ಲೂ ನ್ಯಾಯವಿತ್ತು. ಎತ್ತರದ ಗಾಡಿಯೇ ಬಂತು. ಕನಕರಾಜ್ ಕೇಳಿಕೊಂಡದ್ದು ಒಂದೇ: ಮೇಲೆ ಕ್ಯಾರಿಯರ್ ಹಾಕಿಸಬೇಡ, ಎತ್ತರದ ನೆತ್ತಿಯ ಮೇಲೆ ಮತ್ತೆ ಭಾರ ಹೇರಬೇಡ. ಟೂರಿಸ್ಟರ ಬ್ಯಾಗು ಎಲ್ಲಿ ಇಡಲಿ ಎಂದು ಅಳಿಯ ನಕ್ಕು ಕ್ಯಾರಿಯರ್ ಹಾಕಿಸಿಯೇ ಬಿಟ್ಟ.

ಮುಂದಿನದನ್ನು ಕನಕರಾಜ್ ಹೇಳುವುದಿಲ್ಲ. ಅವರು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಹೆಂಡತಿ ಹುಲುಗಮ್ಮ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

ಕಿರಣ್ ಕುಮಾರನ ತಾಯಿ ವಿರುಪಮ್ಮನ ಮನೆಯಲ್ಲೊಂದು ಪದ್ಧತಿ. ಹೊಸ ಭತ್ತ ಬಂದಾಗ ಮೊದಲ ಅಕ್ಕಿ ಹೆಣ್ಣುಮಗಳ ಮನೆಗೆ ಹೋಗಬೇಕು. ಹಾಗೆ ಹೋಗುವ ಅಕ್ಕಿ ಯಾರ ಕಾಲಿನ ಮಟ್ಟದಲ್ಲೂ ಇರಬಾರದು. ಅವರ ಮಗಳನ್ನು ಕೊಟ್ಟದ್ದು ಸಂಡೂರಿನಾಚೆಯ ಚೋರನೂರಿಗೆ. ಹಿಂದೆ ತಲೆಯ ಮೇಲೆ ಹೊತ್ತು ಬಸ್ಸಿನ ಟಾಪಿಗೆ ಏರಿಸುತ್ತಿದ್ದರು. ಈಗ ಮನೆಯದೇ ಗಾಡಿ, ಮೇಲೆ ಕ್ಯಾರಿಯರ್ ಬೇರೆ ಇದೆ. ಮೂಟೆಗಳು ಅಲ್ಲಿಗೇ ಏರಿದವು. ಸುಗ್ಗಿಯ ಊಟಕ್ಕೆಂದು ಹೋಗಿದ್ದ ಕನಕರಾಜ್ ಅಲ್ಲೇ ಇದ್ದರು.

“ಒಳಗ ಇಡ್ರಿ ಅಂತ ಒಂದ್ಸಲ ಅಂದ್ರಂತ್ರಿ. ಬೀಗ್ತಿ ಏನಂದ್ರು ಅಂದ್ರ, ಏನಣ್ಣಾ, ನನ್ನ ಮಗಳ ಅಕ್ಕಿ ಕಾಲಾಗ ಇಡ್ಲೇನು ಅಂದ್ರು. ಹೆಣ್ಣು ಕೊಟ್ಟೋರು ನಾವು. ಎದುರು ಮಾತಾಡಾಕ ಆಕ್ಕೈತೇನ್ರಿ? ಇವ್ರು ಬಾಯಿ ಮುಚ್ಚಿಗಂಡು ತಾವೇ ಹಗ್ಗ ಇಸ್ಕಂಡು ಕಟ್ಟಿದ್ರು. ಹೆಂಗೂ ಹೊಂಟೈತಿ, ಸಡ್ಲ ಇರದು ಬ್ಯಾಡ ಅಂತ” ಎಂದು ಹುಲುಗಮ್ಮ ಹಿತ್ತಲ ಬಾಗಿಲ ಕಡೆ ನೋಡುತ್ತಾರೆ.

ಗಾಡಿಯಲ್ಲಿ ಕಿರಣ್ ಕುಮಾರ್, ವಿರುಪಮ್ಮ, ಪಂಪಾವತಿ. ಹಿಂದೆ ಬೈಕಿನಲ್ಲಿ ಕನಕರಾಜ್. ಘಾಟಿಯ ತಿರುವಿನಲ್ಲಿ ಎದುರಿನಿಂದ ಲಾರಿ ಬಂತು. ಕಿರಣ್ ಕುಮಾರ್ ಎಡಕ್ಕೆ ಎಳೆದ, ಮತ್ತೆ ಬಲಕ್ಕೆ ತಿರುಗಿಸಿದ. ಮೇಲೆ ಭಾರವಿಲ್ಲದಿದ್ದರೆ ಗಾಡಿ ಒಮ್ಮೆ ಓಲಾಡಿ ನೆಟ್ಟಗಾಗುತ್ತಿತ್ತೇನೋ. ಅಂದು ನೆಟ್ಟಗಾಗಲಿಲ್ಲ. ಪಂಪಾವತಿ ಕೂತಿದ್ದ ಎಡಮಗ್ಗುಲಿಗೇ ಉರುಳಿತು.

“ಹಗ್ಗ ಬಿಚ್ಚಿಗಂಡಿದ್ರ ಮೂಟೆ ಕೆಳಗ ಬೀಳ್ತಿದ್ವು, ಗಾಡಿ ನಿಲ್ತಿತ್ತು ಅಂತಾರ್ರಿ ಇವ್ರು. ಗಂಟು ಬಿಚ್ಚಲಿಲ್ಲ. ಇವ್ರು ಕಟ್ಟಿದ ಗಂಟು ಎಂದೂ ಬಿಚ್ಚಂಗಿಲ್ಲ” ಎನ್ನುತ್ತಾರೆ ಹುಲುಗಮ್ಮ.

ಅಂದು ಆ ಗಾಡಿಯನ್ನು ಎತ್ತಿದ್ದೂ ಕನಕರಾಜ್ ಅವರೇ. ಬೇರೆ ಕ್ರೇನ್ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. ಮಗಳನ್ನು ಆಂಬುಲೆನ್ಸಿಗೆ ಹತ್ತಿಸಿ, ಹೆಂಡತಿಗೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಲು ಹೇಳಿ, ಘಾಟಿಯ ಬುಡದಲ್ಲಿದ್ದ ಕ್ರೇನ್ ತಂದರು. ಮೂಟೆ ಹರಿದು ಅಕ್ಕಿ ರಸ್ತೆಯ ತುಂಬಾ ಚೆಲ್ಲಿತ್ತು. ಕೈಗೆ ಪೆಟ್ಟಾಗಿದ್ದ ವಿರುಪಮ್ಮ ಅದನ್ನು ಯಾರೂ ತುಳಿಯದಂತೆ ಅಡ್ಡ ಕೂತುಬಿಟ್ಟಿದ್ದರು. ಕನಕರಾಜ್ ಅವರ ಎದುರು ಕೂತು ಡೊಂಕು ಬೆರಳುಗಳಿಂದ ಅಕ್ಕಿ ಬಾಚತೊಡಗಿದರು. ಬೈದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ ಎಂದು ವಿರುಪಮ್ಮ ಈಗಲೂ ಅಳುತ್ತಾರಂತೆ.

ಆ ಗಾಡಿಯನ್ನು ರಿಪೇರಿ ಮಾಡಿಸಿ ಮಾರಿದ್ದಾಯಿತು. ಈಗ ಮತ್ತೆ ಅದೇ ಪ್ರಶ್ನೆ ಮನೆ ಬಾಗಿಲಿಗೆ ಬಂದಿದೆ. ಕಸುಬಿಗೆ ಗಾಡಿ ಬೇಕೇ ಬೇಕು. ಕಿರಣ್ ಕುಮಾರ್ ಈಗ ದಮ್ಮಿನ ಮಾತೆತ್ತುವುದಿಲ್ಲ. ಮಾವನನ್ನು ಕೇಳಲು ಅವನಿಗೆ ಧೈರ್ಯವಿಲ್ಲ, ಹೇಳಲು ಮಾವನಿಗೆ ಮನಸ್ಸಿಲ್ಲ. ಇಬ್ಬರೂ ಒಂದೇ ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಎದ್ದು ಹೋಗುತ್ತಾರೆ.

ಈ ಭಾನುವಾರ ಅವನು ಗೆಳೆಯ ಲಿಂಗರಾಜನ ತಗ್ಗಿನ ಗಾಡಿ ತಂದು ಬಾಗಿಲ ಮುಂದೆ ನಿಲ್ಲಿಸಿ, ಎಂಜಿನ್ ಆರಿಸಿ, ಕೀಲಿಕೈಯನ್ನು ಹೆಂಡತಿಯ ಅಂಗೈಗೆ ಇಡುತ್ತಾನೆ. “ನಿನಗ ಹತ್ತಾಕ ಸಲೀಸು ಆಕ್ಕೈತೇನು, ಅಷ್ಟೇ ನೋಡು. ಸಾಕಾದ್ರ ಇಳಿ. ನಾ ಚಾಲೂ ಮಾಡಂಗಿಲ್ಲ.” ಪಂಪಾವತಿ ಬಹಳ ಹೊತ್ತು ಆ ಗಾಡಿಯನ್ನೇ ನೋಡುತ್ತಾಳೆ. ಅವ್ವನ ಹೆಗಲು ಹಿಡಿದು, ವಾಕರ್ ಊರಿಕೊಂಡು ಹೊಸಿಲು ದಾಟುತ್ತಾಳೆ. ಸೀಟು ಸರಿಯಾಗಿ ಸೊಂಟದ ಮಟ್ಟಕ್ಕಿದೆ. ಕಾಲೆತ್ತಿ ಏರಬೇಕಿಲ್ಲ, ಹಿಂದಕ್ಕೆ ಸರಿದು ಕೂತರಾಯಿತು. ಕೂರುತ್ತಾಳೆ. ಕೀಲಿಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದಿದ್ದಾಳೆ. ಕನಕರಾಜ್ ಗಾಡಿಯ ತೆರೆದ ಬಾಗಿಲಿಗೆ ಒರಗಿ ನಿಂತಿದ್ದಾರೆ.

ನಿಮ್ಮ ಆಸೆ ಏನು ಎಂಬ ನಮ್ಮ ಪ್ರಶ್ನೆಗೆ ಉತ್ತರ ಹೇಳುತ್ತಾರಾದರೂ ಕಣ್ಣು ಮಗಳ ಮೇಲೇ ಇದೆ: “ನನಗ ದೊಡ್ಡ ಆಸೆ ಏನಿಲ್ರಿ. ಅಕಿ ಘಾಟಿ ದಾಟಬೇಕು, ದವಾಖಾನಿ ಮುಟ್ಟಬೇಕು. ಯಾವ ಗಾಡಿಯಾದ್ರೂ ಆಗ್ಲಿ. ನಾ ಹಿಂದ ಕ್ರೇನ್ ತಗಂಡು ಬರ್ತೀನಿ, ಏನಾರ ಆದ್ರ ಕೈಗೆ ಇರ್ಲಿ ಅಂತ.”

ಅವರು ಹೀಗೆ ಹೇಳುತ್ತಿರುವುದು ಇದೇ ಮೊದಲಲ್ಲವಂತೆ. ಮಗಳಿಗೆ ಧೈರ್ಯ ಬರಲಿ ಎಂದು ದಿನಾ ಇದನ್ನೇ ಹೇಳುತ್ತಿದ್ದರು. ಪಂಪಾವತಿ ತೆರೆದ ಬಾಗಿಲಿನಿಂದ ಕೈ ಚಾಚಿ ಅಪ್ಪನ ಅಂಗಿಯ ತುದಿ ಹಿಡಿಯುತ್ತಾಳೆ.

“ಹಿಂದ ಬರಬ್ಯಾಡಪ್ಪ ನೀನು. ಕ್ರೇನ್ ಹಿಂದ ಬರ್ತೈತಿ ಅಂದ್ರ ನಾ ಬೀಳ್ತೀನಿ ಅಂತಾನೇ ಆತಲ್ಲ. ಬಾ, ನನ್ನ ಬಾಜು ಕುಂದ್ರು.”