ಕರಿಬೇವಿನ ಹುಳ

ಚಿಟ್ಟೆ ಪಾರ್ಕಿನ ಗಾಜಿನ ಮನೆಯೊಳಗೆ, ಹುಳ ತಿಂದು ಬೋಳಾದ ಕರಿಬೇವಿನ ಗಿಡವೊಂದು ಕಂಡಿತು. ನನಗೆ ತಡೆಯಲಾಗಲಿಲ್ಲ. ನೀರು ಹಾಕುತ್ತಿದ್ದ ಮಾಲಿಗೆ, "ಏನ್ರೀ, ಇಷ್ಟು ಹುಳ ಬಿಟ್ಟಿದೀರಲ್ಲ! ಶಂಕರಪುರದ ನಮ್ಮನೇಲಿ ಒಂದನ್ನೂ ಬಿಡಲ್ಲ ನಾನು. ದಿನಾ ಬೆಳಿಗ್ಗೆ ಕಡ್ಡೀಲಿ ಕೆಡವಿ, ಚಪ್ಪಲೀಲಿ ಹೊಸಕಿ ಹಾಕ್ತೀನಿ" ಎಂದೆ, ಹೆಮ್ಮೆಯಿಂದಲೇ.

ಅವರು ಪೈಪು ಕೆಳಗಿಟ್ಟರು. ನಮ್ಮ ತಲೆಯ ಮೇಲೆ ಸುತ್ತುತ್ತಿದ್ದ ದೊಡ್ಡ ಕಪ್ಪು ಚಿಟ್ಟೆಯನ್ನು ತೋರಿಸಿ, "ಈ ಗಿಡ ಅದರ ಮರಿಗಳಿಗೇ ಅಂತ ಹಾಕಿರೋದು ಮೇಡಂ" ಎಂದರು. ಐದು ನಿಮಿಷದ ಹಿಂದಷ್ಟೇ ಅದರ ಫೋಟೋ ತೆಗೆದು, "ಎಷ್ಟು ಚೆನ್ನಾಗಿದೆ ನೋಡೇ" ಅಂತ ತಂಗಿಗೆ ಕಳಿಸಿದ್ದೆ.

ಈಗ ನಮ್ಮ ಗಿಡವೂ ಬೋಳು. ಒಗ್ಗರಣೆಗೆ ಕರಿಬೇವು ಪಕ್ಕದ ಮನೆಯಿಂದ ತರುತ್ತೇನೆ. ಅವರ ಗಿಡದಲ್ಲಿ ಒಂದೆಲೆಗೂ ತೂತಿಲ್ಲ. ಹೇಗೆ ಅಂತ ನಾನಂತೂ ಕೇಳಿಲ್ಲ.